ಕ್ಯಾನ್ಸರ್ ರೋಗಿಗಳಲ್ಲಿ ದಣಿವು ಮತ್ತು ಅದರ ನಿರ್ವಹಣೆ: ಸಾರ್ವಜನಿಕರ ಮಾಹಿತಿಗಾಗಿ

ಕ್ಯಾನ್ಸರ್ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಹಾಗೂ ಚಿಕಿತ್ಸೆ ಪೂರ್ಣಗೊಳಿಸಿದವರಲ್ಲಿ ಅತಿ ಸಾಮಾನ್ಯವಾಗಿ ಕಂಡುಬರುವ ತೊಂದರೆಗಳಲ್ಲಿ ದಣಿವು ಒಂದಾಗಿರುತ್ತದೆ. ದುಡಿಮೆಯಿಂದ ಉಂಟಾಗುವ ಆಯಾಸವು ಒಂದು ರಾತ್ರಿಯ ನಿದ್ರೆಯಿಂದ ಪರಿಹಾರವಾಗುತ್ತದೆ. ಸದರಿ ದಣಿವು ಹಾಗಲ್ಲ. ಮಾಡಿದ ಕೆಲಸಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ, ಮಲಗಿ ಎದ್ದರೂ ನೀಗುವುದಿಲ್ಲ. ಸ್ನಾನ ಮಾಡಿ ಬಟ್ಟೆ ಧರಿಸುವಷ್ಟರಲ್ಲಿಯೇ ಕುಳಿತುಕೊಳ್ಳಬೇಕೆನಿಸುವುದು, ಓದಿದ್ದು ಮನಸ್ಸಿನಲ್ಲಿ ನಿಲ್ಲದಿರುವುದು ಇದರ ಲಕ್ಷಣಗಳು. ಇದು ಸೋಮಾರಿತನವಲ್ಲ. ದಣಿವೊಂದರಿಂದಲೇ ಕಾಯಿಲೆ ಮರುಕಳಿಸಿದೆ ಎಂದು ಭಾವಿಸತಕ್ಕದ್ದೂ ಅಲ್ಲ.

ಹೀಗಿದ್ದರೂ ಅನೇಕರು ಈ ವಿಷಯವನ್ನು ವೈದ್ಯರಿಗೆ ತಿಳಿಸುವುದಿಲ್ಲ. ತಿಳಿಸಿದಲ್ಲಿ ಚಿಕಿತ್ಸೆಯನ್ನು ನಿಲ್ಲಿಸಬಹುದೆಂಬ ಭಯ ಕೆಲವರಿಗೆ; ಔಷಧಿ ತೆಗೆದುಕೊಂಡರೆ ಸುಸ್ತು ಇದ್ದದ್ದೇ ಎಂಬ ಭಾವನೆ ಮನೆಯವರಿಗೆ. ಇದರ ಪರಿಣಾಮವಾಗಿ, ಪರಿಹರಿಸಬಹುದಾದ ಕಾರಣಗಳು ಹಾಗೆಯೇ ಉಳಿದುಬಿಡುತ್ತವೆ. ರಕ್ತಹೀನತೆ, ನೋವು, ನಿದ್ರಾಹೀನತೆ, ಖಿನ್ನತೆ, ಆಹಾರದ ಕೊರತೆ, ಸೋಂಕು, ಕೆಲವು ಔಷಧಿಗಳು ಇವೆಲ್ಲವೂ ದಣಿವನ್ನು ಹೆಚ್ಚಿಸುತ್ತವೆ. ತಂಬಾಕಿನ ಸೇವನೆಯಿಂದ ಬರುವ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ಕುತ್ತಿಗೆಯ ಭಾಗಕ್ಕೆ ವಿಕಿರಣ ಚಿಕಿತ್ಸೆ (ಜನರ ಮಾತಿನಲ್ಲಿ 'ಕರೆಂಟ್ ಕೊಡುವುದು') ಪಡೆದವರಲ್ಲಿ ತಿಂಗಳುಗಳ ಅಥವಾ ವರ್ಷಗಳ ನಂತರ ಥೈರಾಯ್ಡ್ ಗ್ರಂಥಿಯ ಕಾರ್ಯ ಕುಂದಬಹುದು. ಸಾಮಾನ್ಯ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ, ಮಾತ್ರೆಯಿಂದ ಸರಿಪಡಿಸಬಹುದಾಗಿದೆ. ಪರೀಕ್ಷೆಯಿಲ್ಲದೆ ಕಬ್ಬಿಣಾಂಶದ ಮಾತ್ರೆ, ಶಕ್ತಿವರ್ಧಕ ಟಾನಿಕ್ ಇತ್ಯಾದಿಗಳನ್ನು ಸ್ವಂತವಾಗಿ ಸೇವಿಸಬಾರದು.

ವೈದ್ಯರಿಗೆ ತಿಳಿಸಲು ಸುಲಭವಾಗುವಂತೆ ದಣಿವನ್ನು 0 ಯಿಂದ 10 ರವರೆಗಿನ ಅಂಕಗಳಲ್ಲಿ ಪ್ರತಿದಿನ ಬರೆದಿಡುವುದು ಉಪಯುಕ್ತ. 0 ಎಂದರೆ ದಣಿವಿಲ್ಲ, 10 ಎಂದರೆ ಊಹಿಸಬಹುದಾದ ಅತ್ಯಂತ ತೀವ್ರ ದಣಿವು. 4 ಅಥವಾ ಅದಕ್ಕಿಂತ ಹೆಚ್ಚು ಇದ್ದಲ್ಲಿ ಮುಂದಿನ ಭೇಟಿಯಲ್ಲಿ ತಪ್ಪದೆ ತಿಳಿಸತಕ್ಕದ್ದು. ಕಿಮೋಥೆರಪಿಯಲ್ಲಿ ಪ್ರತಿ ಸರದಿಯ ನಂತರದ ಕೆಲವು ದಿನ ದಣಿವು ಹೆಚ್ಚಿದ್ದು ನಂತರ ಇಳಿಯುವುದು ಸಾಮಾನ್ಯ. ವಿಕಿರಣ ಚಿಕಿತ್ಸೆಯಲ್ಲಿ ಅದು ವಾರದಿಂದ ವಾರಕ್ಕೆ ಏರುತ್ತದೆ.

ಪೂರ್ಣ ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ಸರಿಯಲ್ಲ. ಸದಾ ಮಲಗಿರುವುದರಿಂದ ಸ್ನಾಯುಗಳು ಸೊರಗಿ ದಣಿವು ಇನ್ನೂ ಹೆಚ್ಚುತ್ತದೆ. ಲಘು ವ್ಯಾಯಾಮವು ಈ ದಣಿವನ್ನು ತಗ್ಗಿಸುವುದೆಂದು ಅಧ್ಯಯನಗಳಿಂದ ದೃಢಪಟ್ಟಿದೆ. ಮೊದಲ ವಾರ 5 ರಿಂದ 10 ನಿಮಿಷಗಳ ನಡಿಗೆ ಸಾಕು, ಕ್ರಮೇಣ ಹೆಚ್ಚಿಸಬಹುದು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗಗಳಲ್ಲಿ ಬೇಸಿಗೆಯ ತಾಪಮಾನವು 40 ಡಿಗ್ರಿ ದಾಟುವುದರಿಂದ ಬೆಳಗಿನ ಜಾವವೇ ನಡಿಗೆಗೆ ಸೂಕ್ತ. ಸತ್ಯನಾರಾಯಣಪೇಟೆಯಂತಹ ಜನನಿಬಿಡ ಬಡಾವಣೆಗಳ ನಿವಾಸಿಗಳು ಮನೆಯ ಅಂಗಳದಲ್ಲಿ ಅಥವಾ ಮಾಳಿಗೆಯ ಮೇಲೆ ನಡೆದರೂ ಸಾಕು. ಮೂಳೆಗೆ ಕಾಯಿಲೆ ಹರಡಿರುವವರು, ಪ್ಲೇಟ್‌ಲೆಟ್ ಕಡಿಮೆ ಇರುವವರು ವೈದ್ಯರ ಸಲಹೆ ಪಡೆದ ನಂತರವೇ ಆರಂಭಿಸತಕ್ಕದ್ದು. ಹಗಲು ನಿದ್ರೆ ಅರ್ಧ ಗಂಟೆ ಮೀರದಿರಲಿ. ಒಮ್ಮೆಗೇ ಹೆಚ್ಚು ಊಟ ಸೇರದಿದ್ದಲ್ಲಿ ಮೆತ್ತನೆಯ ರೊಟ್ಟಿ, ಬೇಳೆ, ಮೊಟ್ಟೆ, ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಸೇವಿಸಬಹುದು.

100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ, ಉಸಿರಾಟದ ತೊಂದರೆ, ಎದೆನೋವು, ರಕ್ತಸ್ರಾವ, ಹಾಸಿಗೆಯಿಂದ ಏಳಲಾಗದಷ್ಟು ನಿಶ್ಶಕ್ತಿ ಕಂಡುಬಂದಲ್ಲಿ ಮುಂದಿನ ಭೇಟಿಯವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ತೆರಳತಕ್ಕದ್ದು.

ಬಳ್ಳಾರಿ ನಗರದವರು ಈ ಹಿಂದೆ ವಿಮ್ಸ್ ಎಂದು ಕರೆಯಲಾಗುತ್ತಿದ್ದ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರದ ಆಸ್ಪತ್ರೆಯನ್ನು, ತಾಲ್ಲೂಕಿನವರು ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಬಹುದು. 2018 ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂ.ಗಳವರೆಗೆ ಚಿಕಿತ್ಸಾ ಸೌಲಭ್ಯವಿದ್ದು, ಆಧಾರ್ ಮತ್ತು ಪಡಿತರ ಚೀಟಿಯನ್ನು ಹಾಜರುಪಡಿಸಬೇಕು. ಮನಸ್ಸಿನ ಬೇಸರಕ್ಕೆ ಟೆಲಿ-ಮಾನಸ್ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಸುಮಾರು 300 ಕಿ.ಮೀ. ಪ್ರಯಾಣವೇ ಹಲವರಿಗೆ ದಣಿವಿನ ದೊಡ್ಡ ಕಾರಣ. ಬಸ್ಸಿನಲ್ಲಿ ಕುಳಿತು ಹೋಗುವುದಕ್ಕಿಂತ ಹಂಪಿ ಎಕ್ಸ್‌ಪ್ರೆಸ್ಸಿನಂತಹ ರಾತ್ರಿ ರೈಲಿನಲ್ಲಿ ಮಲಗಿ ಹೋಗುವುದು ಮೇಲು. ಚಿಕಿತ್ಸೆ ಅಥವಾ ತಪಾಸಣೆಗೆ ತೆರಳುವ ಕ್ಯಾನ್ಸರ್ ರೋಗಿಗಳಿಗೆ ರೈಲ್ವೆಯು ಸ್ಲೀಪರ್ ಮತ್ತು ಮೂರನೇ ದರ್ಜೆಯ ಎ.ಸಿ. ಬೋಗಿಗಳಲ್ಲಿ ಶೇ. 100 ರಷ್ಟು, ಜೊತೆಗೆ ಬರುವ ಒಬ್ಬರಿಗೆ ಶೇ. 75 ರಷ್ಟು ರಿಯಾಯಿತಿ ನೀಡುತ್ತದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪಡೆದ ಪ್ರಮಾಣಪತ್ರವು ಇದಕ್ಕೆ ಕಡ್ಡಾಯವಾಗಿರುತ್ತದೆ. ಟಿಕೆಟ್ ಕಾಯ್ದಿರಿಸಲು ರೋಗಿಯೇ ಸರದಿಯಲ್ಲಿ ನಿಲ್ಲಬೇಕಾಗಿಲ್ಲ. ಪ್ರಮಾಣಪತ್ರದೊಂದಿಗೆ ಮನೆಯವರು ಹೋದರೆ ಸಾಕು.