ಜೈಲಿನಿಂದ ಬಂದ ಕಾಗದ ಓದುವವರು

1862ರ ಡಿಸೆಂಬರ್ 26ರಂದು ಅಮೆರಿಕದ ಮಿನ್ನೆಸೋಟದ ಮ್ಯಾಂಕೇಟೊ ಊರಿನಲ್ಲಿ 38 ಡಕೋಟ ಗಂಡಸರನ್ನು ಒಟ್ಟಿಗೆ ನೇಣಿಗೆ ಹಾಕಿದರು. ಕೊಟ್ಟ ಭೂಮಿಗೆ ಬರಬೇಕಿದ್ದ ಹಣ ಬಾರದೆ, ಹಸಿವು ತಾಳಲಾರದೆ ಹೂಡಿದ ಯುದ್ಧಕ್ಕೆ ಸಿಕ್ಕ ಶಿಕ್ಷೆ ಅದು. ಆ ನೇಣಿನ ಬಗ್ಗೆ ಬಹಳ ಜನ ಬರೆದಿದ್ದಾರೆ. ನಾವಿಲ್ಲಿ ಹೇಳಹೊರಟಿರುವುದು ನೇಣು ತಪ್ಪಿದವರು ಬರೆದ ಕಾಗದಗಳ ಕತೆ.

ಉಳಿದ ಕೈದಿಗಳನ್ನು ಮರುವರ್ಷ ಅಯೋವಾದ ಡೆವನ್‌ಪೋರ್ಟ್‌ಗೆ ಸಾಗಿಸಿದರು. 1866ರವರೆಗೂ ಅವರು ಅಲ್ಲಿದ್ದರು. ಹೆಂಡತಿ ಮಕ್ಕಳು ಹೆಚ್ಚಿನವರಿಗೆ ದೂರ. ಸೆರೆಯಲ್ಲೇ ಹಲವರು ಓದು ಬರಹ ಕಲಿತರು. ಅಕ್ಷರ ಪಾದ್ರಿಗಳದ್ದು. 1834ರಲ್ಲಿ ಬಂದ ಪಾಂಡ್ ಸಹೋದರರು ಡಕೋಟಕ್ಕೆ ರೋಮನ್ ಲಿಪಿ ಹೊಂದಿಸಿದ್ದರು; ಸ್ಟೀಫನ್ ರಿಗ್ಸ್ 1852ರಲ್ಲಿ ವ್ಯಾಕರಣ ಮತ್ತು ನಿಘಂಟು ಹೊರತಂದಿದ್ದ. ಬೈಬಲ್ ಓದಿಸಲೆಂದು ಕಲಿಸಿದ ಆ ಅಕ್ಷರದಲ್ಲಿ ಕೈದಿಗಳು ಮನೆಯವರ ಕ್ಷೇಮ ವಿಚಾರಿಸಿದರು, ಬಿಡುಗಡೆ ಎಂದು ಎಂದು ಕೇಳಿದರು. ಅನೇಕ ಕಾಗದ ಹೋದದ್ದು ರಿಗ್ಸ್‌ಗೇ. ಅವರನ್ನು ಅಪರಾಧಿಗಳೆಂದ ಸೇನಾ ವಿಚಾರಣೆಗೆ ನೆರವಾಗಿದ್ದವನೂ ಇದೇ ರಿಗ್ಸ್ ಎಂಬುದನ್ನು ಮರೆಯುವಂತಿಲ್ಲ.

ಕಾಗದಗಳು ಉಳಿದವು, ಓದುವವರು ಕಡಿಮೆಯಾದರು. 1879ರಲ್ಲಿ ಕಾರ್ಲೈಲ್ ಶಾಲೆ ಶುರುವಾಯಿತು. ಅದರ ಮಾದರಿಯ ವಸತಿ ಶಾಲೆಗಳಲ್ಲಿ ಮಕ್ಕಳು ತಾಯ್ನುಡಿ ಆಡಿದರೆ ದಂಡನೆ. 1887ರಲ್ಲಂತೂ ಮಿಷನ್ ಶಾಲೆಗಳೂ ಇಂಗ್ಲಿಷಿನಲ್ಲೇ ಕಲಿಸಬೇಕೆಂದು ಸರ್ಕಾರ ಆದೇಶ ಹೊರಡಿಸಿತು. ಪೆಟ್ಟು ತಿಂದ ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಮಕ್ಕಳೊಡನೆ ಡಕೋಟ ಆಡಲು ಹಿಂಜರಿದರು. ಅವರನ್ನು ದೂರುವುದು ನಮಗೆ ಸರಿಯೆನಿಸುವುದಿಲ್ಲ.

1978ರಲ್ಲಿ ಬುಡಕಟ್ಟುಗಳೇ ನಡೆಸುವ ಕಾಲೇಜುಗಳಿಗೆ ನೆರವು ಕೊಡುವ ಕಾಯ್ದೆ ಬಂತು. ಮರುವರ್ಷ ದಕ್ಷಿಣ ಡಕೋಟದ ಲೇಕ್ ಟ್ರಾವರ್ಸ್ ಮೀಸಲು ನೆಲದಲ್ಲಿ ಸಿಸಿಟನ್ ವಾಪೆಟನ್ ಕಾಲೇಜು ಹುಟ್ಟಿತು. ಹಿಂದೆ ಶಾಲೆ ಕಿತ್ತುಕೊಂಡ ಭಾಷೆ ಅಲ್ಲಿ ಪಾಠವಾಯಿತು.

ಇದು ನಿಘಂಟೊಂದರಿಂದ ಆಗುವ ಕೆಲಸವಲ್ಲ. ಡಕೋಟದಲ್ಲಿ ಅಣ್ಣನನ್ನು ತಮ್ಮ 'ಚಿನ್ಯೆ' ಎನ್ನುತ್ತಾನೆ, ತಂಗಿ 'ತಿಬ್ಡೊ' ಎನ್ನುತ್ತಾಳೆ. ಅಣ್ಣ ಒಬ್ಬನೇ, ಕರೆಯುವ ಪದ ಎರಡು. ಗಂಡಸರ ವಾಕ್ಯ ಮುಗಿಯುವ ರೀತಿಯೂ ಹೆಂಗಸರದ್ದೂ ಬೇರೆ. ಇದನ್ನು ಪುಸ್ತಕದಲ್ಲಿ ಬರೆದಿಡಬಹುದು. ನಾಲಿಗೆಗೆ ಬರಬೇಕಾದರೆ ಅಜ್ಜಿಯರು, ಅಜ್ಜಂದಿರು ಎದುರಿಗೆ ಕೂತು ಮಾತಾಡಬೇಕು. ಕಾಗುಣಿತದ ಜಗಳ ಬೇರೆ ಇದೆ: ಒಂದೇ ಪದವನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆಯುತ್ತಾರೆ.

ಆ ಕಾಲೇಜಿನಲ್ಲಿ ಡಕೋಟ ಕಲಿಸಿದವರಲ್ಲಿ ಕ್ಲಿಫರ್ಡ್ ಚಂಕು ಒಬ್ಬರು. ಅವರೂ ಮೈಕೆಲ್ ಸೈಮನ್ ಅವರೂ ಕೈದಿಗಳ 50 ಕಾಗದಗಳನ್ನು ಅನುವಾದಿಸಿದರು. 2013ರಲ್ಲಿ ಅವು ಪುಸ್ತಕವಾದವು. ಮೊದಲು ಕೈದಿ ಬರೆದ ಡಕೋಟ, ಅದಕ್ಕೆ ಪದಪದದ ಅರ್ಥ, ಆಮೇಲೆ ಇಂಗ್ಲಿಷ್. ಇಂಗ್ಲಿಷ್ ಬಿಟ್ಟು ಮೊದಲ ಸಾಲನ್ನೇ ಓದಬಲ್ಲವರನ್ನು ತಯಾರುಮಾಡುವ ತರಗತಿಗಳು ನಡೆಯುತ್ತಿವೆ.