ಬಯಲು ಬಂದೀಖಾನೆ

ಬಯಲು ಬಂದೀಖಾನೆಯು ಎತ್ತರದ ಗೋಡೆ, ಬಿಗಿ ಕಾವಲುಗಳಿಗಿಂತ ಕೈದಿಯ ಮೇಲಿನ ನಂಬಿಕೆಯನ್ನು ಆಧರಿಸಿದ ಕಾರಾಗೃಹ ವ್ಯವಸ್ಥೆಯಾಗಿದೆ. ಶಿಕ್ಷೆಯ ಒಂದು ಭಾಗವನ್ನು ಸನ್ನಡತೆಯಿಂದ ಕಳೆದವರನ್ನು ಇಲ್ಲಿಗೆ ಆಯ್ಕೆ ಮಾಡಲಾಗುತ್ತದೆ.

ಉತ್ತರ ಪ್ರದೇಶದಲ್ಲಿ 1952ರಲ್ಲಿ ಚಂದ್ರಪ್ರಭಾ ನದಿಯ ಅಣೆಕಟ್ಟಿನ ಕೆಲಸಕ್ಕಾಗಿ ಕೈದಿಗಳ ಶಿಬಿರ ಆರಂಭವಾಯಿತು. ಕರ್ನಾಟಕದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲ ಗ್ರಾಮದಲ್ಲಿ 1971ರಲ್ಲಿ ಬಯಲು ಬಂದೀಖಾನೆ ಸ್ಥಾಪನೆಯಾಯಿತು. ಬೇಸಾಯ ಇಲ್ಲಿನ ಮುಖ್ಯ ಕಸುಬು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂತಹ ಶಿಬಿರಗಳ ಕೈದಿಗಳು ಕಾಡ್ಗಿಚ್ಚು ಹರಡದಂತೆ ಗಿಡಗಂಟಿ ಕಡಿದು ಬೆಂಕಿ ರೇಖೆ ನಿರ್ಮಿಸುತ್ತಾರೆ. ನೆರೆ ಬಂದಾಗ ಮರಳಿನ ಚೀಲಗಳನ್ನು ಜೋಡಿಸುತ್ತಾರೆ. ಆದರೆ ಬಿಡುಗಡೆಯ ಅನಂತರ ಅಪರಾಧದ ದಾಖಲೆಯೇ ಅವರಿಗೆ ಅಗ್ನಿಶಾಮಕ ಉದ್ಯೋಗ ದೊರೆಯಲು ಅಡ್ಡಿಯಾಗುತ್ತಿತ್ತು. 2020ರ ಕಾನೂನು, ಆ ದಾಖಲೆಯ ತೆರವಿಗಾಗಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಲು ಅರ್ಹರಿಗೆ ಅವಕಾಶ ನೀಡಿತು.