ತವರಿನ ದಾರಿ

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮಲ್ಲಿ ವಾಡಿಕೆ. ಹಾಗೆ ಬಂದ ತುಂಬು ಬಸುರಿಗೆ ಬಾಗಿಲು ಅಗುಳಿ ಹಾಕಿದ್ದು ಕಂಡರೆ? ಅಮೆರಿಕದ ಎಲ್ವಾ ನದಿಯ ಇತಿಹಾಸ ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಇದೇ ಚಿತ್ರ.

ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಬೆಟ್ಟಗಳಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಕಡಲು ಸೇರುವ ಎಲ್ವಾ ಪುಟ್ಟ ನದಿ. ಉದ್ದ ಸುಮಾರು 72 ಕಿಲೋಮೀಟರ್. ಆದರೆ ಸಾಲ್ಮನ್ ಮೀನಿಗೆ ಅದು ತವರು. ಅದರ ತಣ್ಣೀರಿನ ಕಲ್ಲುಗಳ ನಡುವೆ ಹುಟ್ಟಿದ ಮರಿ ಕಡಲಿಗಿಳಿದು, ಅಲ್ಲಿ ಬೆಳೆದು, ಹುಟ್ಟೂರಿನ ನೀರಿನ ವಾಸನೆ ಹಿಡಿದು ಮರಳುತ್ತದೆ. ಮೊಟ್ಟೆಯಿಟ್ಟ ಸಾಲ್ಮನ್ ಅಲ್ಲೇ ಪ್ರಾಣ ಬಿಡುತ್ತದೆ. ಅದರ ನಂಟನಾದ ಸ್ಟೀಲ್‌ಹೆಡ್ ಬದುಕುಳಿದರೆ ಕಡಲಿಗೆ ಹೋಗಿ ಮತ್ತೊಮ್ಮೆ ಬರಬಲ್ಲದು. ಹಕ್ಕಿಯ ಗರಿಗೆ ದಾರ ಸುತ್ತಿ ಹುಳದಂತೆ ಕಾಣುವ ಗಾಳ ಕಟ್ಟಿ, ಕೊರೆಯುವ ನೀರಿನಲ್ಲಿ ದಿನವಿಡೀ ನಿಂತು ಇದಕ್ಕಾಗಿ ಕಾಯುವ ಹವ್ಯಾಸಿಗಳು ಆ ಸೀಮೆಯಲ್ಲಿದ್ದಾರೆ. ಎಷ್ಟೋ ಮಂದಿ ಹಿಡಿದದ್ದನ್ನು ಮತ್ತೆ ನೀರಿಗೇ ಬಿಡುತ್ತಾರಂತೆ. ಓದಿ ಮೊದಲು ನಗು ಬಂತು. ಆಮೇಲೆ ಗೌರವ ಬಂತು.

ಆ ನದಿಯ ದಡದಲ್ಲಿ ತಲೆತಲಾಂತರದಿಂದ ಬಾಳಿದವರು ಕ್ಲಾಲಂ ಜನ. 1855ರ ಒಪ್ಪಂದದಲ್ಲಿ ನೆಲ ಬಿಟ್ಟುಕೊಟ್ಟರೂ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದರು. 1910ರಲ್ಲಿ ಥಾಮಸ್ ಆಲ್ಡ್‌ವೆಲ್ ಎಂಬ ಉದ್ಯಮಿ ಅಣೆಕಟ್ಟು ಶುರುಮಾಡಿದ. 1912ರಲ್ಲಿ ಅದರ ಬುಡವೇ ಕೊಚ್ಚಿಹೋಯಿತು. ಮತ್ತೆ ಕಟ್ಟಿ 1913ರಲ್ಲಿ ಮುಗಿಸಿದರು. 1927ರಲ್ಲಿ ಮೇಲ್ಗಡೆ 64 ಮೀಟರ್ ಎತ್ತರದ ಇನ್ನೊಂದು ಎದ್ದಿತು. ಮೀನು ಹತ್ತಲು ದಾರಿ ಬಿಡಬೇಕೆಂಬ ಕಾನೂನು ಆಗಲೇ ಇತ್ತು. ಆದರೂ ದಾರಿ ಬಿಡಲಿಲ್ಲ. ಬದಲಿಗೆ ಮೀನುಮರಿ ಸಾಕುವ ಕೇಂದ್ರವೊಂದು ಬಂತು. 1922ರಲ್ಲಿ ಅದೂ ಮುಚ್ಚಿತು. ಮೀನುಗಳಿಗೆ ಉಳಿದದ್ದು ಕೆಳಗಿನ ಸುಮಾರು 8 ಕಿಲೋಮೀಟರ್ ನದಿ ಮಾತ್ರ.

ಅಣೆಕಟ್ಟಿನ ಪಾಠ ಬಂದಾಗ ನಾನು ಬೋರ್ಡಿನ ಮೇಲೆ ‘ಉಪಯೋಗಗಳು’ ಎಂದು ಬರೆದು, ಒಂದು, ಎರಡು ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು. ಅದು ಸುಳ್ಳಲ್ಲ. ಪೋರ್ಟ್ ಏಂಜಲೀಸ್ ಪಟ್ಟಣದ ಗಿರಣಿಗಳು ನಡೆದದ್ದು ಆ ವಿದ್ಯುತ್ತಿನಿಂದಲೇ. ಆದರೆ ಯಾರ ಮನೆಯ ಬಾಗಿಲು ಮುಚ್ಚಿತು ಎಂದು ನಾನೂ ಕೇಳಲಿಲ್ಲ, ಮಕ್ಕಳೂ ಕೇಳಲಿಲ್ಲ.

ಕ್ಲಾಲಂ ಜನ ಕೇಳುತ್ತಲೇ ಇದ್ದರು. ಪರಿಸರದ ಸಂಘಗಳು ದನಿಗೂಡಿಸಿದವು. 1992ರಲ್ಲಿ ಅಮೆರಿಕದ ಸಂಸತ್ತು ನದಿಯನ್ನು ಹಿಂದಿನಂತೆ ಮಾಡಲು ಕಾನೂನು ತಂದಿತು. 2011ರ ಸೆಪ್ಟೆಂಬರಿನಲ್ಲಿ ಒಡೆಯಲು ಆರಂಭಿಸಿ, 2014ರಲ್ಲಿ ಎರಡನ್ನೂ ತೆಗೆದು ಮುಗಿಸಿದರು. ತಮ್ಮ ಕುಲ ಹುಟ್ಟಿದ ಪವಿತ್ರ ಬಂಡೆ ನೀರಿನಡಿ ಇದೆಯೆಂದು ಕ್ಲಾಲಂ ಹಿರಿಯರು ಹೇಳುತ್ತಿದ್ದರು. ಜಲಾಶಯ ಬರಿದಾದಾಗ ಅದು ಕಣ್ಣಿಗೆ ಬಿತ್ತು. ಅಜ್ಜಿಯರ ಮಾತನ್ನು ಕಟ್ಟುಕಥೆ ಎಂದು ತಳ್ಳಿಹಾಕುವ ನಮ್ಮಂಥವರು ಇದನ್ನು ನೆನಪಿಡಬೇಕು.

ಎಲ್ಲವೂ ಸರಾಗವಾಗಿ ನಡೆಯಲಿಲ್ಲ. ಸಾಕಿದ ಮರಿಗಳನ್ನು ಬಿಟ್ಟು ನದಿ ತುಂಬಿಸಬೇಕೋ, ಕಾಡುಮೀನು ತಾನಾಗಿ ಬರಲೆಂದು ಕಾಯಬೇಕೋ ಎಂಬ ಜಗಳ 2012ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಆದರೆ ಮೀನುಗಳು ತೀರ್ಪಿಗೆ ಕಾಯಲಿಲ್ಲ. ಅಣೆಕಟ್ಟಿನ ಹಿಂದೆ ಸಿಕ್ಕಿಬಿದ್ದ ಸ್ಟೀಲ್‌ಹೆಡ್ ಸಂತತಿ ಕಡಲನ್ನೇ ಕಾಣದೆ, ರೇನ್‌ಬೋ ಟ್ರೌಟ್ ಎಂಬ ಹೆಸರಿನಲ್ಲಿ ತಲೆಮಾರುಗಳನ್ನು ಕಳೆದಿತ್ತು. ಎರಡೂ ಒಂದೇ ಜಾತಿ. ಗೋಡೆ ಬಿದ್ದದ್ದೇ ಅವುಗಳ ಮರಿಗಳು ಕಡಲಿಗಿಳಿದವು, ಬೇಸಿಗೆಯಲ್ಲಿ ನದಿಯೇರುವ ಸ್ಟೀಲ್‌ಹೆಡ್‌ಗಳಾಗಿ ಮರಳಿದವು. ನೂರು ವರ್ಷ ಕೂಡಿಹಾಕಿದರೂ ದಾರಿ ಮರೆತಿರಲಿಲ್ಲ!

ಮೀನು ಚೇತರಿಸಿಕೊಳ್ಳಲೆಂದು 2011ರಿಂದ ನದಿಯಲ್ಲಿ ಬೇಟೆ ನಿಲ್ಲಿಸಿದರು. ಹವ್ಯಾಸಿಗಳು ಗಾಳ ಮಡಚಿದರು. ಹಕ್ಕುಳ್ಳ ಕ್ಲಾಲಂ ಜನರೂ ಬಲೆ ಮಡಚಿದರು. 12 ವರ್ಷ ಕಾದು, 2023ರಲ್ಲಿ ಅವರು ತಮ್ಮ ಆಚರಣೆಗೂ ಊಟಕ್ಕೂ ಬೇಕಾದಷ್ಟು ಕೋಹೋ ಸಾಲ್ಮನ್ ಹಿಡಿದರು. ಮಗಳು ಮನೆಗೆ ಬಂದ ಮೇಲಲ್ಲವೇ ಹಬ್ಬದಡುಗೆ?